ಬಿದರಿ ಹುಕ್ಕಾ ಹುಡುಕಿ ನೋಡಿ: ಯಾವ ಮ್ಯೂಸಿಯಂನ ಡೇಟಾ ಯಾವ ಕೆಲಸಕ್ಕೆ?

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ (ಚಿಕ್ಕದಾಗಿ ಮೆಟ್) ಬಿದರಿ ಕೆಲಸದ ಹುಕ್ಕಾ ಬುಡಗಳಿವೆ. ಲಂಡನ್‌ನ ವಿ ಅಂಡ್ ಎ ಮ್ಯೂಸಿಯಂನಲ್ಲೂ ಇವೆ. ಕಪ್ಪು ಲೋಹ, ಅದರ ಮೇಲೆ ಬೆಳ್ಳಿಯ ಹೂಬಳ್ಳಿ. ಅವುಗಳ ಅಳತೆ, ಕಾಲ, ಲೋಹ, ಮ್ಯೂಸಿಯಂಗೆ ಬಂದ ದಾರಿ ಎಲ್ಲವೂ ಈಗ ಮನೆಯಲ್ಲಿ ಕೂತವರ ಲ್ಯಾಪ್‌ಟಾಪಿಗೆ ಬರುತ್ತದೆ. ಅರ್ಜಿ ಹಾಕಬೇಕಿಲ್ಲ, ಕಾಸು ಕೊಡಬೇಕಿಲ್ಲ. ಕೋಡ್ ಬರೆಯುವವರು ಬಂದು ಏನಾದರೂ ಹೊಸದು ಮಾಡಿ ನೋಡಲಿ ಅಂತಲೇ ಈ ಸಂಸ್ಥೆಗಳು ತಮ್ಮ ಕ್ಯಾಟಲಾಗನ್ನು ತೆರೆದಿಟ್ಟಿವೆ.

ಕೆಲವು ವರ್ಷಗಳಿಂದ ನಾನು ಶನಿವಾರ, ಭಾನುವಾರಗಳಲ್ಲಿ ಡೆವಲಪರ್‌ಗಳನ್ನು ಒಂದು ಕಡೆ ಸೇರಿಸಿ ಇಂಥ ಡೇಟಾದ ಜೊತೆ ಪ್ರಯೋಗ ಮಾಡಿಸುತ್ತಿದ್ದೇನೆ. ಬಂದವರೆಲ್ಲ ಮೊದಲು ಕೇಳುವುದು "ಯಾವುದು ಜಾಸ್ತಿ ದೊಡ್ಡದು?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಐದು ಲಕ್ಷ ವಸ್ತುಗಳಿದ್ದರೂ, ನಿಮಗೆ ಬೇಕಾದ್ದು ಯಾವ ಹೆಸರಿನಲ್ಲಿ ಕೂತಿದೆ ಅಂತ ಗೊತ್ತಾಗದಿದ್ದರೆ ಅದು ಇಲ್ಲದ ಹಾಗೇ ಅಲ್ವಾ? ಅದಕ್ಕೇ ಯಾವ ಸಂಗ್ರಹಕ್ಕೆ ಹೋದರೂ ನಾನು ಮೊದಲು ಒಂದೇ ಪದ ಹುಡುಕುತ್ತೇನೆ: ಬಿದರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಅದು ಬಿದ್ರಿ. ಆ ಪದ ಯಾವ ಕಾಲಂನಲ್ಲಿ ಸಿಕ್ಕಿತು? ಚಿತ್ರ ಬಂತಾ? ಆ ಚಿತ್ರವನ್ನು ಬಳಸಬಹುದಾ? ಇಷ್ಟು ನೋಡಿದರೆ ಆ ಸಂಗ್ರಹದ ಗುಣ ಅರ್ಧ ತಿಳಿಯುತ್ತದೆ.

ಮೆಟ್: ದೊಡ್ಡದು, ಧಾರಾಳ, ಸ್ವಲ್ಪ ನಡಿಗೆ ಜಾಸ್ತಿ

ಮೆಟ್ 2017ರ ಫೆಬ್ರವರಿಯಲ್ಲಿ ಕಾಪಿರೈಟ್ ಇಲ್ಲದ ಕೃತಿಗಳ ಚಿತ್ರಗಳನ್ನು ಸಿಸಿ ಝೀರೋ ಅಡಿ ಬಿಟ್ಟುಕೊಟ್ಟಿತು. ಅಂದರೆ ಯಾರು ಬೇಕಾದರೂ, ಏನಕ್ಕೆ ಬೇಕಾದರೂ ಬಳಸಬಹುದು. ದುಡ್ಡು ಮಾಡುವ ಆ್ಯಪ್‌ಗೂ ಸರಿ, ಸೀರೆಯ ಸೆರಗಿನ ಡಿಸೈನಿಗೂ ಸರಿ. 2018ರ ಅಕ್ಟೋಬರ್‌ನಲ್ಲಿ ಎಪಿಐ ಬಂತು, ಅಂದರೆ ನಮ್ಮ ಕೋಡ್ ನೇರವಾಗಿ ಮ್ಯೂಸಿಯಂನ ಡೇಟಾ ಕೇಳಿ ಪಡೆಯುವ ದಾರಿ. ಕೀ ಬೇಡ. ಅಂದರೆ ಹೆಸರು ನೋಂದಾಯಿಸಿ ಗುರುತಿನ ಸಂಕೇತ ಪಡೆಯಬೇಕಿಲ್ಲ. ಸೆಕೆಂಡಿಗೆ 80 ವಿನಂತಿಗಳವರೆಗೆ ಕಳಿಸಬಹುದು. 4,70,000ಕ್ಕೂ ಹೆಚ್ಚು ವಸ್ತುಗಳ ವಿವರ ಅಲ್ಲಿದೆ.

ಈಗ ಬಿದರಿ ಹುಡುಕೋಣ. ಬರುವುದು ಬರೀ ಸಂಖ್ಯೆಗಳ ಪಟ್ಟಿ. ಹೆಸರಿಲ್ಲ, ಚಿತ್ರವಿಲ್ಲ. ಪ್ರತಿ ಸಂಖ್ಯೆಗೂ ಇನ್ನೊಂದು ಸಲ ಕೇಳಬೇಕು. 500 ಫಲಿತಾಂಶ ಬಂದರೆ 500 ವಿನಂತಿ. ಮೊದಲ ಸಲ ಎಪಿಐ ಮುಟ್ಟುವವರು ಇಲ್ಲಿಯೇ ಸುಸ್ತಾಗುತ್ತಾರೆ.

ಒಂದು ದಾಖಲೆ ತೆರೆದು ನೋಡಿ. ಶೀರ್ಷಿಕೆಯಲ್ಲಿ "ಹುಕ್ಕಾದ ಬುಡ" ಅಂತಷ್ಟೇ ಇರುತ್ತದೆ. ಬಿದರಿ ಎಂಬ ಪದ ಇರುವುದು ಮೀಡಿಯಂ ಕಾಲಂನಲ್ಲಿ: ಸತುವಿನ ಮಿಶ್ರಲೋಹ, ಎರಕ, ಕೆತ್ತನೆ, ಕೂರಿಸಿದ ಬೆಳ್ಳಿ, ಕೊನೆಗೆ ಬಿದರಿ ಕೆಲಸ. ಶೀರ್ಷಿಕೆಯಲ್ಲಿ ಮಾತ್ರ ಹುಡುಕುವ ಹಾಗೆ ಕೋಡ್ ಬರೆದರೆ ಇದು ಕೈ ತಪ್ಪುತ್ತದೆ. ಇನ್ನೊಂದು ವಿಷಯ. ಭಾರತದ್ದು ತಾನೇ ಅಂತ ಏಷ್ಯನ್ ಆರ್ಟ್ ವಿಭಾಗಕ್ಕೆ ಫಿಲ್ಟರ್ ಹಾಕಿದಿರೋ, ಕೆಲಸ ಕೆಟ್ಟಿತು. ಮೆಟ್‌ನಲ್ಲಿ ದಖನ್ ಸುಲ್ತಾನರ ಕಾಲದ ವಸ್ತುಗಳು ಹೆಚ್ಚಾಗಿ ಇಸ್ಲಾಮಿಕ್ ಆರ್ಟ್ ವಿಭಾಗದಲ್ಲಿವೆ. ಸುಮಾರು 1680ರ "ದಿ ಹೌಸ್ ಆಫ್ ಬಿಜಾಪುರ" ಎಂಬ ಚಿತ್ರ ಇರುವುದೂ ಅಲ್ಲೇ. ಆದಿಲ್‌ಶಾಹಿ ವಂಶದ ಒಂಬತ್ತು ಸುಲ್ತಾನರನ್ನೂ ಒಂದೇ ಹಾಳೆಯ ಮೇಲೆ ಕೂರಿಸಿದ ಚಿತ್ರ ಅದು. ವಿಜಯಪುರದವರು ಒಮ್ಮೆ ತೆರೆದು, ದೊಡ್ಡದು ಮಾಡಿ ನೋಡಲೇಬೇಕು.

ಆ ಚಿತ್ರವನ್ನು "ವಿಜಯಪುರ" ಅಂತ ಹುಡುಕಿದರೆ ಸಿಗುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ 2014ರ ನವೆಂಬರ್ 1ರಿಂದ ಊರುಗಳ ಹೆಸರು ಬದಲಾದವು. ಹೊರಗಿನ ಕ್ಯಾಟಲಾಗ್‌ಗಳಲ್ಲಿ ಹಳೆಯ ಹೆಸರೇ ಜಾಸ್ತಿ. ಬಿಜಾಪುರ, ಮೈಸೋರ್, ಗುಲ್ಬರ್ಗ ಅಂತಲೂ ಕೇಳುವ ಒಂದು ಹೆಸರುಪಟ್ಟಿಯನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಿ. ಅದೇ ಫೈಲ್ ಮುಂದೆ ಎಲ್ಲ ಸಂಗ್ರಹಗಳಿಗೂ ಉಪಯೋಗಕ್ಕೆ ಬರುತ್ತದೆ.

ಕಾಲದ ವಿಷಯದಲ್ಲಿ ಮೆಟ್ ಒಂದು ಒಳ್ಳೆಯ ಕೆಲಸ ಮಾಡಿದೆ. ಓದುವವರಿಗೆ "ಸುಮಾರು 1680" ಎಂಬ ಬರಹ, ಯಂತ್ರಕ್ಕೆ ಶುರು ಮತ್ತು ಕೊನೆಯ ವರ್ಷ ಎರಡೂ ಬೇರೆ ಬೇರೆ ಅಂಕಿಯಾಗಿ ಸಿಗುತ್ತವೆ. ಆದರೆ ಎರಡರ ಸರಾಸರಿ ತೆಗೆದು ಗ್ರಾಫ್ ಬರೆಯಬೇಡಿ. "12ನೇ ಶತಮಾನ" ಅಂತ ಬರೆದಿರುವ ಶಿಲ್ಪಗಳೆಲ್ಲ 1150ರ ಆಸುಪಾಸಿನಲ್ಲಿ ಗುಡ್ಡೆ ಬೀಳುತ್ತವೆ. ಆ ವರ್ಷ ಶಿಲ್ಪಿಗಳೆಲ್ಲ ಒಟ್ಟಿಗೆ ಉಳಿ ಹಿಡಿದರೇನೋ ಅನ್ನುವ ಹಾಗೆ ಕಾಣುತ್ತದೆ. ಶುರುವಿಂದ ಕೊನೆಯವರೆಗೆ ಒಂದು ಪಟ್ಟಿ ಎಳೆದು ತೋರಿಸಿ, ಅದೇ ಸರಿ.

ಎಪಿಐ ಬೇಡ ಅಂದರೆ ಕೋಡ್, ಫೈಲ್ ಹಂಚುವ ಗಿಟ್‌ಹಬ್ ತಾಣದಲ್ಲಿ ಇಡೀ ಸಂಗ್ರಹದ ಸಿಎಸ್‌ವಿ (ಸಾಲು, ಕಾಲಂಗಳ ಸಾದಾ ಪಟ್ಟಿ) ಫೈಲ್ ಇದೆ. ಎಣಿಸುವ, ವಿಂಗಡಿಸುವ ಕೆಲಸಕ್ಕೆ ಅದು ಬಂಗಾರ. ಆದರೆ ಅದರಲ್ಲಿ ಚಿತ್ರಗಳ ಕೊಂಡಿ ಇಲ್ಲ. ಚಿತ್ರ ಬೇಕಾದಾಗ ಮತ್ತೆ ಎಪಿಐ ಕಡೆಗೇ ಬರಬೇಕು.

ಶಿಕಾಗೊ: ಮೊದಲ ಸಲದವರಿಗೆ ಇದೇ ಸರಿ, ಆದರೆ ಒಬ್ಬೊಬ್ಬರಾಗಿ

ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊದ ಎಪಿಐಗೂ ಕೀ ಬೇಡ. ನಿಮಗೆ ಬೇಕಾದ ಕಾಲಂಗಳನ್ನು ಮಾತ್ರ ಕೇಳಬಹುದು. ಶೀರ್ಷಿಕೆ, ಕಾಲ, ಚಿತ್ರದ ಗುರುತು ಇಷ್ಟೇ ಸಾಕು ಅಂದರೆ ಅಷ್ಟೇ ಬರುತ್ತದೆ, ಒಂದೇ ಸಲಕ್ಕೆ ನೂರು ವಸ್ತುಗಳದ್ದು. ವಿವರಣೆಯ ಪುಟಗಳು ಅಚ್ಚುಕಟ್ಟಾಗಿವೆ. ಓದಿಕೊಂಡು ಹೋದರೆ ಅರ್ಧ ಗಂಟೆಯಲ್ಲಿ ತೆರೆಯ ಮೇಲೆ ಚಿತ್ರ ಬರುತ್ತದೆ.

ಚಿತ್ರಗಳು ಬರುವುದು ಟ್ರಿಪಲ್ ಐ ಎಫ್ ಎಂಬ ಪದ್ಧತಿಯಲ್ಲಿ. ಇದನ್ನು ಕಲಿತುಕೊಂಡರೆ ಜಗತ್ತಿನ ಎಷ್ಟೋ ಮ್ಯೂಸಿಯಂ, ಲೈಬ್ರರಿಗಳಲ್ಲಿ ಉಪಯೋಗವಾಗುತ್ತದೆ. ಚಿತ್ರದ ವಿಳಾಸದಲ್ಲೇ ಎಷ್ಟು ಅಗಲ ಬೇಕು, ಯಾವ ಮೂಲೆ ಬೇಕು ಅಂತ ಬರೆದರೆ ಅಷ್ಟನ್ನೇ ಕತ್ತರಿಸಿ ಕಳಿಸುತ್ತದೆ. ಶಿಕಾಗೊದವರು 843 ಪಿಕ್ಸೆಲ್ ಅಗಲ ಕೇಳಿ ಅನ್ನುತ್ತಾರೆ. ಆ ಅಳತೆ ಅವರಲ್ಲಿ ಸಿದ್ಧವಾಗಿ ಇರುವ ಕಾರಣ ಬೇಗ ಬರುತ್ತದೆ. ಇನ್ನೊಂದು ಚೆಂದದ ಸಂಗತಿ, ಚಿತ್ರದ ಮುಖ್ಯ ಬಣ್ಣ ಯಾವುದು ಎಂಬ ಅಂಕಿಯನ್ನೂ ಅವರೇ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಅರಿಶಿನದಿಂದ ಕುಂಕುಮದವರೆಗೆ ಚಿತ್ರಗಳನ್ನು ಸಾಲಾಗಿ ಜೋಡಿಸುವ ಪುಟ ಮಾಡಲು ಬೇರೆ ಲೈಬ್ರರಿಯೇ ಬೇಕಿಲ್ಲ.

ಲೈಸೆನ್ಸ್‌ನಲ್ಲಿ ಒಂದು ಸಣ್ಣ ಎಚ್ಚರ. ಹೆಚ್ಚಿನ ಡೇಟಾ ಸಿಸಿ ಝೀರೋ. ಆದರೆ ಕೃತಿಯ ಬಗ್ಗೆ ಬರೆದಿರುವ ವಿವರಣೆಯ ಪ್ಯಾರಾ ಸಿಸಿ ಬೈ. ಅದನ್ನು ಬಳಸಿದರೆ ಯಾರದು ಅಂತ ಹೆಸರು ಹಾಕಬೇಕು. ಕನ್ನಡಕ್ಕೆ ಅನುವಾದ ಮಾಡಿ ಹಾಕಿದರೂ ಹಾಕಬೇಕು.

ಒಂದು ಸಲ ಕಾಲೇಜೊಂದರ ಲ್ಯಾಬ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಕೂತಿದ್ದೆವು. ಎಲ್ಲರಿಗೂ ಶಿಕಾಗೊ ಎಪಿಐಯನ್ನೇ ಹೇಳಿದ್ದೆ. ಹತ್ತು ಗಂಟೆಗೆ ಶುರು. ಹತ್ತೂ ಕಾಲಿಗೆ ಮೊದಲ ಬೆಂಚಿನ ಹುಡುಗನ ತೆರೆಯಲ್ಲಿ 429 ಎಂಬ ಎರರ್. ಅವನ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂತೆ. ಅಷ್ಟರಲ್ಲಿ ಪಕ್ಕದವಳಿಗೂ ಅದೇ, ಹಿಂದಿನ ಸಾಲಿಗೂ ಅದೇ. ಯಾರ ಕೋಡ್‌ನಲ್ಲೂ ತಪ್ಪಿರಲಿಲ್ಲ. ಶಿಕಾಗೊದವರು ಹೆಸರು ಹೇಳದೆ ಬರುವವರಿಗೆ ನಿಮಿಷಕ್ಕೆ 60 ವಿನಂತಿ ಅಂತ ಮಿತಿ ಇಟ್ಟಿದ್ದಾರೆ. ನಾವೆಲ್ಲ ಒಂದೇ ವೈಫೈ ಮೇಲೆ ಇದ್ದೆವು. ಹೊರಗಿನಿಂದ ನೋಡುವ ಸರ್ವರಿಗೆ ಇಡೀ ಲ್ಯಾಬ್ ಒಬ್ಬನೇ ಮನುಷ್ಯನ ಹಾಗೆ ಕಾಣುತ್ತಿತ್ತು. ಆ ಬೆಳಿಗ್ಗೆ ಪೂರ್ತಿ ಹಾಳಾಯಿತು. ಅಷ್ಟು ದೂರದಿಂದ ಬಸ್ ಹತ್ತಿ ಬಂದ ಮಕ್ಕಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಅದಕ್ಕೇ ಹೇಳುತ್ತೇನೆ: ಒಬ್ಬರೇ ಕಲಿಯುವುದಾದರೆ ಶಿಕಾಗೊದಿಂದಲೇ ಶುರು ಮಾಡಿ. ಜನ ಸೇರಿಸಿ ಮಾಡಿಸುವುದಾದರೆ ಅವರ ಪೂರ್ತಿ ಡೇಟಾ ಡಂಪ್ ಕೂಡ ಸಿಗುತ್ತದೆ, ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ.

ಕ್ಲೀವ್‌ಲ್ಯಾಂಡ್: ಸಭಾಂಗಣಕ್ಕೆ ನನ್ನ ಆಯ್ಕೆ

ಈ ಪೆಟ್ಟು ತಿಂದ ಮೇಲೆ ನಾನು ಗುಂಪಿನ ಕೆಲಸಕ್ಕೆಲ್ಲ ಕ್ಲೀವ್‌ಲ್ಯಾಂಡ್ ಮ್ಯೂಸಿಯಂ ಆಫ್ ಆರ್ಟ್‌ನ ಡೇಟಾ ಕೊಡುತ್ತಿದ್ದೇನೆ. ಅವರು 2019ರ ಜನವರಿಯಲ್ಲಿ ಸಂಗ್ರಹ ತೆರೆದರು. ಇರುವುದು ಅರವತ್ತು ಸಾವಿರಕ್ಕೂ ಸ್ವಲ್ಪ ಹೆಚ್ಚು ದಾಖಲೆ. ಮೆಟ್‌ನ ಮುಂದೆ ಇದು ಚಿಕ್ಕದು. ಆದರೆ ಇಡೀ ಸಂಗ್ರಹ ಸಿಎಸ್‌ವಿ ಮತ್ತು ಜೇಸನ್ ಎರಡೂ ರೂಪದಲ್ಲಿ ಗಿಟ್‌ಹಬ್‌ನಲ್ಲಿದೆ. ಚಿತ್ರದ ಕೊಂಡಿಗಳೂ ಅದರಲ್ಲೇ ಇವೆ. ಒಂದು ಪೆನ್‌ಡ್ರೈವ್‌ಗೆ ಹಾಕಿ ಬೆಂಚಿಂದ ಬೆಂಚಿಗೆ ಕಳಿಸಿದರೆ ಮುಗಿಯಿತು. ಕರೆಂಟ್ ಹೋಗಿ ವೈಫೈ ಸತ್ತರೂ ಕೆಲಸ ನಿಲ್ಲುವುದಿಲ್ಲ.

ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸುವುದು ಒಂದು ಕಾಲಂ. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಇತಿಹಾಸ. ಗೊತ್ತಿರುವ ಮಾಲೀಕರು, ಮಾರಾಟಗಾರರು, ವರ್ಷಗಳು ಒಂದರ ಕೆಳಗೆ ಒಂದು ಬಿಡಿಸಿಟ್ಟ ಹಾಗೆ ಬರುತ್ತವೆ. ಎಲ್ಲ ವಸ್ತುಗಳಿಗೂ ಪೂರ್ತಿ ಇಲ್ಲ. ಇರುವ ಕಡೆ ಓದಿ ನೋಡಿ. ದೇವಸ್ಥಾನದ ಒಂದು ವಿಗ್ರಹ ಯಾವ ಊರು ದಾಟಿ ಎಲ್ಲಿಗೆ ಹೋಯಿತು ಅಂತ ನಕ್ಷೆಯ ಮೇಲೆ ಗೆರೆ ಎಳೆಯುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ನಾನು ನೋಡಿಲ್ಲ. ಸರಪಳಿ ಎಲ್ಲಿ ತುಂಡಾಗಿದೆಯೋ ಆ ಜಾಗವನ್ನೂ ನಕ್ಷೆಯಲ್ಲಿ ತೋರಿಸಿ. ಖಾಲಿ ಜಾಗವೂ ಒಂದು ಮಾಹಿತಿ.

ವಿ ಅಂಡ್ ಎ: ನಮ್ಮ ವಸ್ತುಗಳು ಇಲ್ಲಿವೆ, ವ್ಯಾಪಾರ ಮಾತ್ರ ಬೇಡ

ಕರ್ನಾಟಕದ ವಸ್ತುಗಳೇ ಬೇಕು ಅಂದರೆ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಬಿಡುವ ಹಾಗಿಲ್ಲ. ಟಿಪ್ಪುವಿನ ಹುಲಿ ಇರುವುದು ಅಲ್ಲಿಯೇ. ಮರದ ಹುಲಿಯೊಂದು ಯುರೋಪಿನ ಸೈನಿಕನ ಮೇಲೆ ಬಿದ್ದಿರುವ, ಹೊಟ್ಟೆಯೊಳಗೆ ಆರ್ಗನ್ ವಾದ್ಯ ಇಟ್ಟಿರುವ ಆ ಯಂತ್ರವನ್ನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಒಯ್ದರು.

ಅವರ ಎಪಿಐಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ದಾಖಲೆಗಳಿವೆ. ಕೀ ಬೇಡ. ಹುಡುಕಿದ ಪಟ್ಟಿಯಲ್ಲೇ ಶೀರ್ಷಿಕೆ, ಮಾಡಿದವರು, ಕಾಲ, ಜಾಗ, ಚಿತ್ರ ಎಲ್ಲ ಬರುತ್ತವೆ. ಮೆಟ್‌ನ ಹಾಗೆ ಒಂದೊಂದಕ್ಕೂ ಮತ್ತೆ ಹೋಗಬೇಕಿಲ್ಲ. ಚಿತ್ರಕ್ಕೆ ಇಲ್ಲೂ ಟ್ರಿಪಲ್ ಐ ಎಫ್.

ಆದರೆ ಹೆಸರಿನ ಗೋಜಲು ಇಲ್ಲೇ ಜಾಸ್ತಿ. ಹುಲಿಯ ಶೀರ್ಷಿಕೆಯಲ್ಲಿ ಟಿಪ್ಪು ಅಂತ ಈಗ ನಾವು ಇಂಗ್ಲಿಷ್‌ನಲ್ಲಿ ಬರೆಯುವ ಹಾಗಿಲ್ಲ. ಎರಡು ಪಿ, ಎರಡು ಓ ಹಾಕಿ ಹಳೆಯ ಇಂಗ್ಲಿಷರ ಕಾಗುಣಿತದಲ್ಲಿದೆ. ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಮ್ ಅಂತಲೂ ಹುಡುಕಿ. ಹಳೆಯ ದಾಖಲೆಗಳಲ್ಲಿ ಕನ್ನಡ ಭಾಷೆಗೆ ಕೆನರೀಸ್ ಎಂಬ ಹೆಸರಿತ್ತು. ಸಿ ಅಕ್ಷರದಿಂದಲೂ ಬರೆದಿದ್ದಾರೆ, ಕೆಯಿಂದಲೂ ಬರೆದಿದ್ದಾರೆ. ಮೇಲೆ ಹೇಳಿದ ಹೆಸರುಪಟ್ಟಿ ಇಲ್ಲಿ ಎರಡು ಪಟ್ಟು ಬೆಳೆಯುತ್ತದೆ.

ಬಿದರಿ ಹುಡುಕಿದಾಗ ಇನ್ನೊಂದು ಪಾಠ ಸಿಗುತ್ತದೆ. ಬಿದರಿ ಅಂತ ಇದ್ದದ್ದೆಲ್ಲ ಬೀದರ್‌ನಲ್ಲಿ ಮಾಡಿದ್ದಲ್ಲ. ಲಖನೌ, ಪೂರ್ಣಿಯಾ ಕಡೆಯೂ ಈ ಕೆಲಸ ನಡೆಯುತ್ತಿತ್ತು. ಹಾಗಾಗಿ "ಬಿದರಿ" ಎಂಬ ಪದವನ್ನು ಊರಿನ ಗುರುತು ಅಂದುಕೊಂಡು ಎಲ್ಲವನ್ನೂ ನಕ್ಷೆಯಲ್ಲಿ ಬೀದರ್ ಮೇಲೆ ಚುಚ್ಚಬೇಡಿ. ತಯಾರಾದ ಜಾಗದ ಕಾಲಂ ಬೇರೆಯೇ ಇದೆ, ಅದನ್ನು ನೋಡಿ.

ಇಲ್ಲಿಯ ಷರತ್ತು ದೊಡ್ಡದು. ವಿ ಅಂಡ್ ಎ ಚಿತ್ರಗಳನ್ನು ಎಪಿಐ ಮೂಲಕ ಬಳಸಲು ಬಿಡುವುದು ವ್ಯಾಪಾರವಲ್ಲದ ಕೆಲಸಕ್ಕೆ. ಶಾಲೆಯ ಪಾಠಕ್ಕೆ, ಕಲಿಕೆಯ ಪ್ರಯೋಗಕ್ಕೆ ತೊಂದರೆ ಇಲ್ಲ. ನಾಳೆ ಇದನ್ನೇ ಸ್ಟಾರ್ಟಪ್ ಮಾಡಬೇಕು, ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರಬೇಕು ಎಂಬ ಆಸೆ ಇದ್ದರೆ ಶುರುವಿನಲ್ಲೇ ಮೆಟ್ ಅಥವಾ ಕ್ಲೀವ್‌ಲ್ಯಾಂಡ್ ಕಡೆ ಹೋಗಿ. ಆರು ತಿಂಗಳು ಕಷ್ಟಪಟ್ಟ ಮೇಲೆ ಲೈಸೆನ್ಸ್ ಓದುವುದು ಬೇಡ. ಹಾರ್ವರ್ಡ್ ಆರ್ಟ್ ಮ್ಯೂಸಿಯಮ್ಸ್ ಕೂಡ ಇದೇ ಸಾಲಿನದು. ಅಲ್ಲಿ ಕೀ ಪಡೆಯಬೇಕು, ದಿನಕ್ಕೆ 2,500 ವಿನಂತಿಯ ಮಿತಿ.

ಬಹಳ ದೊಡ್ಡವು: ಸ್ಮಿತ್‌ಸೋನಿಯನ್, ಯೂರೋಪಿಯಾನಾ

ಸ್ಮಿತ್‌ಸೋನಿಯನ್ 2020ರ ಫೆಬ್ರವರಿಯಲ್ಲಿ ಒಂದೇ ಏಟಿಗೆ 28 ಲಕ್ಷ ಚಿತ್ರಗಳನ್ನು ಸಿಸಿ ಝೀರೋ ಅಡಿ ಬಿಟ್ಟಿತು, ಆಮೇಲೆ ಇನ್ನೂ ಬೆಳೆದಿದೆ. ಚಿಟ್ಟೆ, ವಿಮಾನ, ಅಂಚೆಚೀಟಿ, ಶಿಲ್ಪ ಎಲ್ಲ ಒಂದೇ ಕಡೆ. 3ಡಿ ಮಾದರಿಗಳೂ ಇವೆ. ಅಪೊಲೊ 11ರ ಕಮಾಂಡ್ ಮಾಡ್ಯೂಲ್‌ನ ಒಳಗೆ ಇಣುಕಬಹುದು. ಗೇಮ್ ಮಾಡುವವರಿಗೆ, ವಿಆರ್ ಕಲಿಯುವವರಿಗೆ ನಾನು ಇದನ್ನೇ ಹೇಳುವುದು. ಕೀ ಬೇಕು, ಅದು ಉಚಿತ. ಕಷ್ಟ ಎಲ್ಲಿ ಅಂದರೆ, ಬೇರೆ ಬೇರೆ ಮ್ಯೂಸಿಯಂಗಳ ದಾಖಲೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಒಂದರ ಕಾಲಂ ಹೆಸರು ಇನ್ನೊಂದರಲ್ಲಿ ಇರುವುದಿಲ್ಲ. ಮೊದಲು ಒಂದೇ ಮ್ಯೂಸಿಯಂ ಆರಿಸಿಕೊಂಡು ಕೆಲಸ ಮಾಡಿ.

ಯೂರೋಪಿಯಾನಾದ್ದೂ ಇದೇ ಕತೆ, ಇನ್ನೂ ದೊಡ್ಡ ಮಟ್ಟದಲ್ಲಿ. ಯುರೋಪಿನ ಸಾವಿರಾರು ಸಂಸ್ಥೆಗಳಿಂದ ಬಂದ ಐದು ಕೋಟಿಗೂ ಮೀರಿದ ದಾಖಲೆಗಳು. ವಿವರಗಳು 2012ರಿಂದ ಸಿಸಿ ಝೀರೋ, ಆದರೆ ಚಿತ್ರಗಳ ಹಕ್ಕು ಒಂದೊಂದಕ್ಕೂ ಬೇರೆ. ಮುಕ್ತವಾಗಿ ಬಳಸಬಹುದಾದ್ದನ್ನು ಮಾತ್ರ ಕೊಡು ಅಂತ ಕೇಳುವ ಫಿಲ್ಟರ್ ಇದೆ, ಅದನ್ನು ಹಾಕದೆ ಮುಂದೆ ಹೋಗಬೇಡಿ. ಹಲವು ಭಾಷೆಗಳ ದಾಖಲೆ ಒಟ್ಟಿಗೆ ಬರುವುದರಿಂದ ಭಾಷಾ ತಂತ್ರಜ್ಞಾನದವರಿಗೆ ಇದು ಹಬ್ಬ. ಮೊದಲ ಸಲದವರಿಗೆ ಬೇಡ.

ಕನ್ನಡದಲ್ಲಿ ಹುಡುಕಬೇಕು ಅಂದರೆ

ಮೇಲಿನ ಯಾವ ಎಪಿಐಯಲ್ಲೂ ಕನ್ನಡ ಲಿಪಿಯಲ್ಲಿ ಕೇಳಿ ಕೆಲಸ ಮಾಡಿಸಲು ಆಗುವುದಿಲ್ಲ. ಕನ್ನಡಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿಗಳು ಎರಡು.

ಒಂದು ವಿಕಿಡೇಟಾ. ಇಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ಎಷ್ಟು ಭಾಷೆಯಲ್ಲಿ ಬೇಕಾದರೂ ಹೆಸರು ಕಟ್ಟಬಹುದು. ಯಾವ ಮ್ಯೂಸಿಯಂನಲ್ಲಿದೆ, ಅಲ್ಲಿಯ ದಾಖಲೆ ಸಂಖ್ಯೆ ಏನು, ಚಿತ್ರ ಯಾವುದು ಎಂಬುದಕ್ಕೆಲ್ಲ ಬೇರೆ ಬೇರೆ ಕಾಲಂ. ಸ್ಪಾರ್ಕಲ್ ಎಂಬ ಪ್ರಶ್ನೆಯ ಭಾಷೆ ಕಲಿಯಬೇಕು. ಮೊದಲ ಎರಡು ಗಂಟೆ ತಲೆ ತಿನ್ನುತ್ತದೆ, ಆಮೇಲೆ ಬಿಡಲು ಮನಸ್ಸಾಗುವುದಿಲ್ಲ. ಒಂದು ಪ್ರಶ್ನೆಗೆ 60 ಸೆಕೆಂಡ್ ಮಿತಿ ಇದೆ, ಹಾಗಾಗಿ ಇಡೀ ಲೋಕವನ್ನು ಒಂದೇ ಸಲ ಕೇಳಬೇಡಿ. ಡೇಟಾ ಸಿಸಿ ಝೀರೋ. ಚಿತ್ರಗಳು ಇರುವುದು ವಿಕಿಮೀಡಿಯಾ ಕಾಮನ್ಸ್‌ನಲ್ಲಿ, ಪ್ರತಿ ಚಿತ್ರದ ಲೈಸೆನ್ಸ್ ಬೇರೆ ನೋಡಿಕೊಳ್ಳಬೇಕು. ಇಲ್ಲಿ ಮಾತ್ರ, ಡೇಟಾದಲ್ಲಿ ಕೊರತೆ ಕಂಡರೆ ನೀವೇ ತುಂಬಬಹುದು. ಕನ್ನಡ ಹೆಸರು ಖಾಲಿ ಇರುವ ವಸ್ತುಗಳನ್ನು ಹುಡುಕಿ ಪಟ್ಟಿ ಮಾಡುವುದೇ ಒಂದು ಸೊಗಸಾದ ಮಧ್ಯಾಹ್ನದ ಕೆಲಸ.

ಇನ್ನೊಂದು ಇಂಟರ್ನೆಟ್ ಆರ್ಕೈವ್. ವಸ್ತುಗಳಿಗಲ್ಲ, ಪುಸ್ತಕ ಮತ್ತು ಕಡತಗಳಿಗೆ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳೂ ಅಲ್ಲಿ ಸಿಗುತ್ತವೆ. ಊರೂರಿನ ಶಾಸನಗಳ ಪಠ್ಯ. ಹುಡುಕಲು ಎಪಿಐ ಇದೆ, ಪೈಥಾನ್‌ನಲ್ಲಿ ಸಿದ್ಧ ಲೈಬ್ರರಿಯೂ ಇದೆ. ಭಾಷೆಯ ಕಾಲಂನಲ್ಲಿ ಕೆಲವರು ಕನ್ನಡ ಅಂತ ಪೂರ್ತಿ ಬರೆದಿದ್ದಾರೆ, ಕೆಲವರು ಮೂರಕ್ಷರದ ಸಂಕೇತ ಹಾಕಿದ್ದಾರೆ. ಎರಡನ್ನೂ ಕೇಳಿ. ಸ್ಕ್ಯಾನ್‌ನಿಂದ ಬಂದ ಕನ್ನಡ ಪಠ್ಯವನ್ನು ಹಾಗೇ ನಂಬಬೇಡಿ, ಒತ್ತಕ್ಷರಗಳಲ್ಲಿ ತಪ್ಪು ಬೀಳುತ್ತದೆ. ಹಕ್ಕಿನ ವಿಷಯಕ್ಕೆ ನಮ್ಮ ಕಾನೂನು ನೆನಪಿರಲಿ: ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಕಾಪಿರೈಟ್. ಆರ್ಕೈವ್‌ನಲ್ಲಿ ಕಾಣಿಸಿತು ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ.

ಶಾಸನಗಳ ಬಗ್ಗೆ ಆಸೆ ಇರುವವರು ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ನಡೆಸುತ್ತಿರುವ ಕೆಲಸವನ್ನೂ ನೋಡಿ. ಬೆಂಗಳೂರು ಸುತ್ತಮುತ್ತಲ ಶಾಸನ ಕಲ್ಲುಗಳನ್ನು ಅವರು 3ಡಿಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರದ ಮೇಲೆ ಓರೆಯಾಗಿ ಬೆಳಕು ಬಿಟ್ಟು ಓದುವ ಹಾಗೆ ಮಾಡುವುದು ನಮ್ಮ ಗ್ರಾಫಿಕ್ಸ್ ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ.

ನೀವೇ ಜನರನ್ನು ಕರೆಯುವುದಾದರೆ

ಹಿಂದಿನ ದಿನವೇ ಕ್ಲೀವ್‌ಲ್ಯಾಂಡ್ ಫೈಲ್ ಮತ್ತು ಮೆಟ್‌ನ ಸಿಎಸ್‌ವಿಯನ್ನು ನಾಲ್ಕೈದು ಪೆನ್‌ಡ್ರೈವ್‌ಗೆ ಹಾಕಿಡಿ. ಬೆಳಿಗ್ಗೆ ಎಲ್ಲರೂ ಆ ಫೈಲ್ ಮೇಲೆ ಕೆಲಸ ಮಾಡಲಿ. ಮಧ್ಯಾಹ್ನ ಊಟವಾದ ಮೇಲೆ, ಕೈ ಪಳಗಿದವರು ಮಾತ್ರ ವಿ ಅಂಡ್ ಎ ಅಥವಾ ವಿಕಿಡೇಟಾ ಕಡೆ ಹೋಗಲಿ. ಡೆವಲಪರ್‌ಗಳನ್ನಷ್ಟೇ ಕರೆಯಬೇಡಿ. ವಸ್ತು ಗೊತ್ತಿರುವ ಒಬ್ಬರಾದರೂ ಕೋಣೆಯಲ್ಲಿರಲಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹೋದ ಸಲ ಬೀದರ್ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಮೆಟ್‌ನ ಹುಕ್ಕಾ ಬುಡದ ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದಾಗ, "ಇದು ಯಾಕೆ ಕಪ್ಪಾಗುತ್ತದೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲವಲ್ಲ ಸರ್" ಅಂದಳು. ಹೌದು, ಅಲ್ಲಿದ್ದದ್ದು ಸತು, ಬೆಳ್ಳಿ, ಕೆತ್ತನೆ ಇಷ್ಟೇ. ಬೀದರ್ ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ ಅಂತ ಅವಳೇ ಎಲ್ಲರಿಗೂ ವಿವರಿಸಿದಳು. ಆ ಮಣ್ಣು ಸರಿಯಾದದ್ದೋ ಅಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆಯ ಮೇಲೆ ಇಟ್ಟು ರುಚಿ ನೋಡುತ್ತಾರಂತೆ.

ಅವತ್ತು ನಮ್ಮ ಶೀಟ್‌ಗೆ ಎರಡು ಹೊಸ ಕಾಲಂ ಸೇರಿದವು. ಒಂದು "ಕನ್ನಡ ಹೆಸರು", ಇನ್ನೊಂದು "ಹೇಗೆ ಮಾಡುತ್ತಾರೆ". ಪಕ್ಕದಲ್ಲಿ ಮೆಟ್‌ನ ವಸ್ತು ಸಂಖ್ಯೆ. ಸಂಜೆಯೊಳಗೆ ಹನ್ನೊಂದು ಸಾಲು ತುಂಬಿತ್ತು.